ನೋಡಲು ಒಂದೇ ಇಲಿ, ಒಳಗೆ ಬೇರೆ

ಮಂಗಳೂರಿನ ಹೆಂಚಿನ ಮನೆಗಳ ಅಟ್ಟಕ್ಕೂ ಬಂದರಿನ ಗೋದಾಮುಗಳಿಗೂ ಇಲಿ ಹೊಸ ನೆಂಟನಲ್ಲ. ತುಳುವಿನಲ್ಲಿ ಇಲಿಗೆ ‘ಎಲಿ’ ಎಂದರೆ ಹೆಗ್ಗಣಕ್ಕೆ ‘ಪೆರ್ಗುಡೆ’ ಎನ್ನುತ್ತಾರೆ. ಗಾತ್ರ ನೋಡಿಯೇ ಮಕ್ಕಳು ಕೂಡ ಇವೆರಡನ್ನು ಗುರುತಿಸಬಲ್ಲರು. ಆದರೆ ಬೋನಿಗೆ ಬಿದ್ದ ಎರಡು ಇಲಿಗಳಿಗೂ ಕಂದು ಬೆನ್ನು, ಬಿಳಿ ಹೊಟ್ಟೆ, ಮೈಗಿಂತ ಉದ್ದನೆಯ ಬಾಲ ಇದ್ದರೆ? ಆಗ ಪ್ರಾಣಿಶಾಸ್ತ್ರಜ್ಞರೂ ತಡವರಿಸುತ್ತಾರೆ.

ನಮ್ಮ ಪಕ್ಕದ ಪಶ್ಚಿಮ ಘಟ್ಟದಲ್ಲಿ ಆದದ್ದೂ ಇದೇ. 1918ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಮಾರ್ಟಿನ್ ಹಿಂಟನ್ ಮಹಾರಾಷ್ಟ್ರದ ಸಾತಾರಾ ಸೀಮೆಯ ಕಾಡಿಲಿಯೊಂದನ್ನು ವಿವರಿಸಿ, ಊರಿನ ಹೆಸರಿನಿಂದಲೇ ‘ಸಾತಾರೆ’ ಎಂದು ಕರೆದರು. ಬಹುಕಾಲ ಇದನ್ನು ಮನೆಯಿಲಿಯ, ಅಂದರೆ ‘ರಾಟಸ್ ರಾಟಸ್’ನ, ಒಂದು ಉಪಜಾತಿಯೆಂದೇ ಎಣಿಸಲಾಗಿತ್ತು.

ವರ್ಣತಂತುಗಳ ಲೆಕ್ಕ

ಜೀವಕೋಶದೊಳಗೆ ಡಿಎನ್‌ಎ ಎಂಬ ನೂಲು ಸುತ್ತಿಕೊಂಡು ವರ್ಣತಂತುಗಳಾಗಿರುತ್ತದೆ. ಮನುಷ್ಯನಲ್ಲಿ ಇವು 46. ಮನೆಯಿಲಿಯಲ್ಲಿ 38. ಆದರೆ ನೈರುತ್ಯ ಭಾರತದಲ್ಲಿ 42 ವರ್ಣತಂತುಗಳಿರುವ ಇಲಿಗಳೂ ಇವೆಯೆಂಬುದು 1970ರ ದಶಕದಲ್ಲೇ ತಿಳಿದಿತ್ತು. ಹಿಂದೆಂದೋ ಎರಡು ಜೊತೆ ವರ್ಣತಂತುಗಳು ಬೆಸೆದು ಒಂದು ಜೊತೆಯಾದವು. ಇಂಥ ಬೆಸುಗೆ ಎರಡು ಸಲ ಆದಾಗ 42 ಹೋಗಿ 38 ಆಯಿತು.

ದಕ್ಷಿಣ ಭಾರತದ ಇಲಿಗಳ ಮೈಕಟ್ಟು, ವರ್ಣತಂತು, ವಂಶವಾಹಿ ಮೂರನ್ನೂ ಒಟ್ಟಿಗೆ ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಒಂದೇ ಸೀಮೆಯಲ್ಲಿ ಬಾಳುವ ಈ ಎರಡೂ ಬೇರೆ ಬೇರೆ ಪ್ರಭೇದಗಳೆಂದು ಅದು ತೋರಿಸಿತು. 42ರ ಕಾಡಿಲಿ ‘ರಾಟಸ್ ಸಾತಾರೆ’ ಎಂಬ ಸ್ವಂತ ಸ್ಥಾನ ಪಡೆಯಿತು. ಕೊಡಗು, ನೀಲಗಿರಿಯ ಕಾಡುಗಳಲ್ಲೂ ಅದರ ವಾಸವಿದೆ.

ಅಕ್ಷರಗಳ ಹೋಲಿಕೆ

ಈ ಪರೀಕ್ಷೆಗೆ ಇಲಿಯನ್ನು ಕೊಲ್ಲಲೇಬೇಕೆಂದಿಲ್ಲ. ಕಿವಿಯಂಚಿನ ಚೂರು ಸಾಕು. ಅದರಿಂದ ಡಿಎನ್‌ಎ ತೆಗೆದು, ಪಿಸಿಆರ್ ಎಂಬ ವಿಧಾನದಿಂದ ಬೇಕಾದ ತುಣುಕನ್ನು ಲಕ್ಷಗಟ್ಟಲೆ ಪ್ರತಿ ಮಾಡುತ್ತಾರೆ. ಹೆಚ್ಚಾಗಿ ಬಳಸುವ ಗುರುತು ‘ಸೈಟೋಕ್ರೋಮ್ ಬಿ’ ವಂಶವಾಹಿ. ಸುಮಾರು 1,140 ಅಕ್ಷರಗಳ ಒಂದು ವಾಕ್ಯ ಎಂದುಕೊಳ್ಳಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಎರಡು ಇಲಿಗಳ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಅಕ್ಷರ ಬದಲಾಗಿದೆಯೆಂದು ನೋಡಿದರೆ ಅವು ಎಷ್ಟು ಹತ್ತಿರದ ಬಂಧುಗಳೆಂದು ತಿಳಿಯುತ್ತದೆ.

ಆದರೆ ಒಂದು ಎಚ್ಚರಿಕೆ ಬೇಕು. ಈ ವಂಶವಾಹಿ ಬರುವುದು ತಾಯಿಯಿಂದ ಮಾತ್ರ. ಎರಡು ಪ್ರಭೇದಗಳು ಎಂದಾದರೂ ಬೆರೆತಿದ್ದರೆ ಮರಿಯ ‘ಸೈಟೋಕ್ರೋಮ್ ಬಿ’ ತಾಯಿಯ ಕಡೆಯ ಕಥೆಯನ್ನಷ್ಟೇ ಹೇಳೀತು. ಆದ್ದರಿಂದಲೇ ವರ್ಣತಂತುಗಳ ಎಣಿಕೆ ಮತ್ತು ತಂದೆತಾಯಿ ಇಬ್ಬರಿಂದಲೂ ಬರುವ ವಂಶವಾಹಿಗಳ ಸಾಕ್ಷ್ಯವೂ ಬೇಕಾಗುತ್ತದೆ.

ಇದರಿಂದ ನಮಗೇನು?

ಮಳೆಗಾಲದಲ್ಲಿ ಕರಾವಳಿಯನ್ನು ಕಾಡುವ ಇಲಿಜ್ವರದ ರೋಗಾಣು ಇಲಿ, ಹೆಗ್ಗಣಗಳ ಮೂತ್ರದಿಂದ ನೀರಿಗೂ ಕೆಸರಿಗೂ ಸೇರುತ್ತದೆ. ಯಾವ ಪ್ರಭೇದದಲ್ಲಿ ರೋಗಾಣು ಹೆಚ್ಚು, ಅದರ ವಾಸ ಮನೆಯಲ್ಲೋ ತೋಟದಲ್ಲೋ ಕಾಡಂಚಿನಲ್ಲೋ ಎಂದು ತಿಳಿದರೆ ಬೋನು ಎಲ್ಲಿಡಬೇಕೆಂದೂ ತಿಳಿಯುತ್ತದೆ. ಹೆಸರು ತಪ್ಪಿದರೆ ಆ ಲೆಕ್ಕವೆಲ್ಲ ತಪ್ಪುತ್ತದೆ. ಇನ್ನೊಂದೆಡೆ, ಘಟ್ಟದ ಕಾಡನ್ನು ಬಿಟ್ಟು ಬೇರೆಲ್ಲೂ ಇಲ್ಲದ ಪ್ರಾಣಿಯನ್ನು ಮನೆಯ ಪೀಡೆಯೆಂದು ಬಗೆದು ವಿಷವಿಟ್ಟರೆ ಅದು ನಮಗರಿವಿಲ್ಲದೆಯೇ ಅಳಿದೀತು.

ಮನೆಯಿಲಿಯ ಕಥೆಯೂ ಸಣ್ಣದಲ್ಲ. ಅದರ ಮೂಲನೆಲೆ ಭಾರತವೇ ಎಂದೂ, ಇಲ್ಲಿಂದಲೇ ಅದು ಯುರೋಪು, ಆಫ್ರಿಕಗಳಿಗೆ ಹಬ್ಬಿತೆಂದೂ 2011ರಲ್ಲೇ ಪ್ರಕಟವಾದ ಇನ್ನೊಂದು ಡಿಎನ್‌ಎ ಅಧ್ಯಯನ ಹೇಳುತ್ತದೆ. ಹಡಗುಗಳೇ ಅದರ ವಾಹನ.

ವಿದ್ಯಾರ್ಥಿಗಳು ಮೊದಲು ಕಲಿಯಬೇಕಾದದ್ದು ಪ್ರಯೋಗಾಲಯದ ಯಂತ್ರವನ್ನಲ್ಲ, ಬರೆದಿಡುವ ಅಭ್ಯಾಸವನ್ನು. ಎಲ್ಲಿ, ಯಾವ ದಿನ, ಎಂಥ ಜಾಗದಲ್ಲಿ ಸಿಕ್ಕಿತೆಂಬ ಚೀಟಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಓದಿದ ಡಿಎನ್‌ಎಯೂ ಅರ್ಧ ಮೂಕ.