ಹಣ ದಡಕ್ಕೋ, ಮೂಲಕ್ಕೋ? ತುಬ್ಲಿ ಕೊಲ್ಲಿಯ ಬಗ್ಗೆ ಆರು ತಪ್ಪು ಕಲ್ಪನೆಗಳು

ಬಹರೇನಿನ ಸನದ್‌ನಲ್ಲಿ ಮನೆಗಳ ಸಾಲು ಮುಗಿಯುವಲ್ಲಿ ತುಬ್ಲಿ ಕೊಲ್ಲಿ ಶುರುವಾಗುತ್ತದೆ. ಇಳಿತದ ಹೊತ್ತಿಗೆ ಬರೀ ಕೆಸರು. ಉಬ್ಬರ ಬಂದರೆ ರಾಸ್ ಸನದ್‌ನ ಕಾಂಡ್ಲಾ ಗಿಡಗಳ ಬುಡದಲ್ಲಿ ನೀರು. ಹೊನ್ನಾವರದ ಅಳಿವೆಯನ್ನೋ ಕುಂದಾಪುರದ ಹಿನ್ನೀರನ್ನೋ ಕಂಡವರಿಗೆ ಇದು ಹೊಸ ನೋಟವಲ್ಲ. ಇಂಥ ತೊರೆ, ಕೊಲ್ಲಿಗಳನ್ನು ಉಳಿಸಲು ಸಾರ್ವಜನಿಕ ಹಣ ಸುರಿಯುವಾಗ ಕೇಳಿಬರುವ ಮಾತುಗಳು ಇಲ್ಲೂ ಅವೇ, ನಮ್ಮೂರಲ್ಲೂ ಅವೇ. ಅವುಗಳಲ್ಲಿ ಎಷ್ಟು ನಿಜ?

1. ತಪ್ಪು ಕಲ್ಪನೆ: ನದಿಯೇ ಇಲ್ಲದ ದ್ವೀಪದಲ್ಲಿ ತೊರೆಯ ಮಾತೇಕೆ?

ವಾಸ್ತವ: ನದಿ ಇಲ್ಲ, ನಿಜ. ಆದರೆ ಸಿಹಿನೀರಿನ ಚಿಲುಮೆಗಳಿದ್ದವು. ಅವುಗಳಲ್ಲಿ ಅದಾರಿ ಬಹು ಹೆಸರಾದದ್ದು. ಅದರ ನೀರು ಕಾಲುವೆಗಳಲ್ಲಿ ಹರಿದು ಖರ್ಜೂರದ ತೋಟಗಳನ್ನು ತಣಿಸುತ್ತಿತ್ತು. ಸೌದಿ ಅರೇಬಿಯದ ಪೂರ್ವ ಭಾಗದಿಂದ ನೆಲದಡಿ ಬರುವ ನೀರೇ ಈ ಚಿಲುಮೆಗಳ ಮೂಲ. ಕೊಳವೆಬಾವಿಗಳು ಹೆಚ್ಚಿದಂತೆ ಒಳಗಿನ ಒತ್ತಡ ಕುಸಿಯಿತು, ಚಿಲುಮೆಗಳು ಬತ್ತಿದವು, ಅಂತರ್ಜಲಕ್ಕೆ ಉಪ್ಪುನೀರು ನುಗ್ಗಿತು. ಕೋಲಾರದವರಿಗೆ ಈ ಕಥೆಯ ಮೊದಲರ್ಧವನ್ನು ಬಿಡಿಸಿ ಹೇಳಬೇಕಿಲ್ಲ.

2. ತಪ್ಪು ಕಲ್ಪನೆ: ಮಳೆಯೇ ಅಪರೂಪ, ಕೊಚ್ಚಿ ಬರುವ ಕೊಳೆ ಎಲ್ಲಿಂದ?

ವಾಸ್ತವ: ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರಿಗೂ ಕಡಿಮೆ. ಅಪಾಯ ಇರುವುದೂ ಅಲ್ಲೇ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕುಳಿತ ಎಣ್ಣೆ, ಟೈರಿನ ಪುಡಿ, ದೂಳು ಎಲ್ಲವೂ ಮೊದಲ ಮಳೆಗೇ ಒಟ್ಟಾಗಿ ಇಳಿಯುತ್ತವೆ. 2024ರ ಏಪ್ರಿಲ್ ಮಧ್ಯದ ಮಳೆಯಲ್ಲಿ ರಸ್ತೆಗಳು ಕೆರೆಯಾದದ್ದನ್ನು ಇಲ್ಲಿದ್ದವರು ಮರೆತಿಲ್ಲ. ಮಳೆಯಿಲ್ಲದ ದಿನಗಳಲ್ಲೂ ಹರಿವು ನಿಲ್ಲುವುದಿಲ್ಲ. 1980ರ ದಶಕದಿಂದ ನಡೆಯುತ್ತಿರುವ ತುಬ್ಲಿ ಕೊಳಚೆನೀರು ಶುದ್ಧೀಕರಣ ಘಟಕದ ಮೇಲೆ, ಊರು ಬೆಳೆದಂತೆ, ತಾಳಲಾರದಷ್ಟು ಹೊರೆ ಬಿತ್ತು. ಮಿಕ್ಕಿದ್ದು ಹೋದದ್ದು ಕೊಲ್ಲಿಗೇ. ಮರಳು ತೊಳೆಯುವ ಘಟಕಗಳ ಹೂಳೂ ಅಲ್ಲಿಗೇ ಸೇರಿತು.

3. ತಪ್ಪು ಕಲ್ಪನೆ: ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದರೆ ರಕ್ಷಣೆಯೂ ಹಣವೂ ತಾವಾಗಿ ಬರುತ್ತವೆ.

ವಾಸ್ತವ: ತುಬ್ಲಿ ಕೊಲ್ಲಿ 1997ರಲ್ಲೇ ಆ ಪಟ್ಟಿಗೆ ಸೇರಿತು, ಹವಾರ್ ದ್ವೀಪಗಳ ಜೊತೆಗೆ. ಪಟ್ಟಿ ಕೊಡುವುದು ಮಾನ. ಕಾಯುವ ಹೊಣೆಯೂ ಖರ್ಚೂ ಆಯಾ ದೇಶದ್ದೇ. ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡುವ ಕೆಲಸದಿಂದ, ಕೆಲವು ದಶಕಗಳಲ್ಲಿ ಕೊಲ್ಲಿ ಸುಮಾರು ಅರ್ಧಕ್ಕೆ ಇಳಿದಿದೆ. ಒಮ್ಮೆ ನೆಲವಾದ ನೀರನ್ನು ಯಾವ ಅನುದಾನವೂ ಮರಳಿ ತರಲಾರದು.

4. ತಪ್ಪು ಕಲ್ಪನೆ: ಗಿಡ ನೆಟ್ಟರೆ ಕೆಲಸ ಮುಗಿಯಿತು.

ವಾಸ್ತವ: 2035ರೊಳಗೆ ಕಾಂಡ್ಲಾ ವನಗಳನ್ನು ನಾಲ್ಕು ಪಟ್ಟು ಹೆಚ್ಚಿಸುವುದಾಗಿ ಬಹರೇನ್ ಘೋಷಿಸಿದೆ. ಒಳ್ಳೆಯ ಗುರಿ. ಆದರೆ ಇಲ್ಲಿ ತಾನಾಗಿ ಬೆಳೆಯುವ ಅವಿಸೆನಿಯಾ ಮರೀನಾ ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳಿಂದ ಉಸಿರಾಡುವ ಜಾತಿ. ಹೂಳು ಮುಚ್ಚಿದರೆ ಗಿಡ ಉಸಿರುಗಟ್ಟುತ್ತದೆ. ಉಬ್ಬರ ಇಳಿತ ಸರಾಗವಾಗಿ ಓಡಾಡದಿದ್ದರೆ ಕೊಳೆ ಅಲ್ಲೇ ಮಡುಗಟ್ಟುತ್ತದೆ. ಸೇತುವೆಯಡಿ ನೀರಿಗೆ ಜಾಗ ಬಿಡುವುದು, ಹೂಳು ತಡೆಯುವುದು ಫೋಟೋಗೆ ಒಗ್ಗುವ ಕೆಲಸಗಳಲ್ಲ. ನೆಟ್ಟ ಸಸಿ ಬದುಕುವುದು ಮಾತ್ರ ಅವುಗಳಿಂದಲೇ.

5. ತಪ್ಪು ಕಲ್ಪನೆ: ಅನುದಾನವೆಂದರೆ ಬಿಟ್ಟಿ ಹಣ, ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ.

ವಾಸ್ತವ: ಸಾರ್ವಜನಿಕ ಹಣಕ್ಕೆ ಷರತ್ತಿರುತ್ತದೆ, ಇರಲೂಬೇಕು. ಹೊಲ, ಬೀದಿಗಳಿಂದ ಕೊಚ್ಚಿ ಬರುವ ಮಾಲಿನ್ಯ ತಡೆಯಲು ಅಮೆರಿಕದಲ್ಲಿ 1987ರ ಕಾನೂನು ತಿದ್ದುಪಡಿಯಿಂದ ಕೇಂದ್ರದ ಅನುದಾನ ಸಿಗುತ್ತಿದೆ. ಒಟ್ಟು ವೆಚ್ಚದಲ್ಲಿ ಶೇ. 40ರಷ್ಟನ್ನು ರಾಜ್ಯವೋ ಸ್ಥಳೀಯರೋ ಹೊಂದಿಸಬೇಕು. ಇಡೀ ಜಲಾನಯನಕ್ಕೆ ಯೋಜನೆಯನ್ನೂ ತೋರಿಸಬೇಕು. ತಮ್ಮ ಪಾಲು ಹಾಕಿದವರು ಲೆಕ್ಕ ಕೇಳುತ್ತಾರೆಂಬುದು ಇದರ ಹಿಂದಿನ ಜಾಣತನ.

ಬರೀ ಹಣದಿಂದ ಏನೂ ಆಗುವುದಿಲ್ಲ ಎಂಬುದಕ್ಕೆ ನಮ್ಮ ಬೆಂಗಳೂರಿನ ಬೆಳ್ಳಂದೂರು ಸಾಕ್ಷಿ. ನೊರೆಯುಕ್ಕಿ, ಬೆಂಕಿಯೂ ಹತ್ತಿದ ಆ ಕೆರೆಗಾಗಿ 500 ಕೋಟಿ ರೂಪಾಯಿ ತೆಗೆದಿಡಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ರಾಜ್ಯಕ್ಕೆ ಹೇಳಿತು. ಕೆರೆಯೊಳಗಿನ ಹೂಳೆತ್ತುವುದು ಅರ್ಧ ಕೆಲಸ. ರಾಜಕಾಲುವೆಯಲ್ಲಿ ಇಳಿದುಬರುವ ಕೊಳಚೆಯನ್ನು ಮೇಲೆಯೇ ಹಿಡಿಯುವುದು ಉಳಿದರ್ಧ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಹರಿಯುವ ಕೋರಮಂಗಲ ಕಣಿವೆಯ ರಾಜಕಾಲುವೆಗೆ ರೂಪಿಸಿದ ಕೆ-100 ಯೋಜನೆಯಲ್ಲೂ ಕಾಲುದಾರಿ, ಹಸಿರು ಕಣ್ಣಿಗೆ ಕಾಣುವ ಭಾಗ. ಅದು ನಿಲ್ಲುವುದು ಕಣ್ಣಿಗೆ ಕಾಣದ ಒಳಚರಂಡಿ ಕೊಳವೆಗಳ ಮೇಲೆ. ಅವು ಒಡೆದರೆ ದಾರಿಯಲ್ಲಿ ನಡೆಯುವವರು ಮೂಗು ಮುಚ್ಚಿಕೊಂಡೇ ನಡೆಯಬೇಕು.

6. ತಪ್ಪು ಕಲ್ಪನೆ: ನಾವು ದುಡಿಯಲು ಬಂದವರು, ಇದು ಇಲ್ಲಿನವರ ತಲೆನೋವು.

ವಾಸ್ತವ: ಬಹರೇನಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗಿನಿಂದ ಬಂದವರು. ಚರಂಡಿ ಪಾಸ್‌ಪೋರ್ಟ್ ನೋಡುವುದಿಲ್ಲ. ಹಪ್ಪಳ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದರೆ ಅದು ಕೊಳವೆಯಲ್ಲಿ ಹೆಪ್ಪುಗಟ್ಟಿ, ಒಂದು ದಿನ ಯಾರದೋ ಮನೆ ಮುಂದೆ ಕೊಳಚೆ ಉಕ್ಕುತ್ತದೆ. ಬಾಟಲಿಯಲ್ಲಿ ತುಂಬಿ ಕಸಕ್ಕೆ ಹಾಕುವುದಕ್ಕೆ ಅನುದಾನ ಬೇಕಿಲ್ಲ. ಗಾಡಿ ತೊಳೆದ ಸೋಪಿನ ನೀರನ್ನು ಮಳೆನೀರಿನ ಚರಂಡಿಗೆ ಬಿಡದಿರುವುದಕ್ಕೂ ಬೇಕಿಲ್ಲ.

ಅದಾರಿಯ ಬಗ್ಗೆ ಬಹರೇನಿಗಳಲ್ಲಿ ಒಂದು ಗಾದೆಯಿದೆ: ಅದು ದೂರದವರಿಗೆ ನೀರುಣಿಸಿ ಹತ್ತಿರದವರನ್ನು ಬಿಟ್ಟಿತು. ತನ್ನವರನ್ನು ಮರೆತು ಹೊರಗಿನವರಿಗೆ ಉಪಕರಿಸುವವರನ್ನು ಹೀಗೆ ಚುಚ್ಚುತ್ತಾರೆ. ತೊರೆ, ಕೊಲ್ಲಿಗಳಿಗೆ ಸುರಿಯುವ ಹಣಕ್ಕೂ ಈ ಗಾದೆ ಒಪ್ಪುತ್ತದೆ. ದೂರಕ್ಕೆ ಕಾಣುವ ದಡ ಸಿಂಗಾರಗೊಳ್ಳುತ್ತದೆ, ಕೊಳೆ ಹುಟ್ಟುವ ಹತ್ತಿರದ ಬೀದಿ ಹಾಗೇ ಉಳಿಯುತ್ತದೆ. ಇನ್ನು ಯಾವುದಾದರೂ ಯೋಜನೆಯ ಫಲಕ ಕಂಡರೆ, ಎಷ್ಟು ಕೋಟಿ ಎಂದು ಓದುವುದರ ಜೊತೆಗೆ ಆ ಹಣ ಕೊಳವೆಯ ಯಾವ ತುದಿಗೆ ಹೋಗುತ್ತಿದೆ ಎಂದೂ ಕೇಳೋಣ.