ಜಿನ್ನು, ಟೋನಿಕ್ಕು ಮತ್ತು ಚಳಿಜ್ವರ

ಜಿನ್ನು ಬೆರೆಸುವ ಕ್ರಮವೂ ಪತ್ರಿಕೆಯಲ್ಲಿ ಬರಬೇಕೇ ಎಂದು ಹಿರಿಯರು ಹುಬ್ಬು ಗಂಟಿಕ್ಕಿದರೆ ನಾವು ಆಕ್ಷೇಪಿಸಲಾರೆವು. ಆದರೆ ಗಲ್ಫಿನಿಂದ ಬರುವ ಮಕ್ಕಳ ಪೆಟ್ಟಿಗೆಯಲ್ಲಿ ಖರ್ಜೂರ, ಸೆಂಟುಗಳ ನಡುವೆ ಇನ್ನೊಂದು ಬಾಟ್ಲಿಯೂ ಬಟ್ಟೆ ಸುತ್ತಿಕೊಂಡು ಮಲಗಿರುವುದುಂಟು. ಕುಡಿಯಿರೆಂದು ನಾವು ಹೇಳುತ್ತಿಲ್ಲ. ಮನೆಯೊಳಕ್ಕೆ ಬಂದ ವಸ್ತುವಿನ ಗುಣಾವಗುಣ ಮನೆಯವರಿಗೆ ತಿಳಿದಿರಲಿ ಎಂದಷ್ಟೆ.

ನಮ್ಮ ಬಳಗದ ಮನೆಯೊಂದರಲ್ಲಿ ನಡೆದ ಸಂಗತಿ. ಮಳೆಗಾಲದಲ್ಲಿ ಒಂದು ತಿಂಗಳು ಮಂಗಳೂರಿನ ಮಗಳ ಮನೆಯಲ್ಲಿದ್ದು ಬಂದ ಯಜಮಾನರಿಗೆ ಚಳಿ ಹಿಡಿಯಿತು. ದಿನ ಬಿಟ್ಟು ದಿನ ನಡುಕ, ಆಮೇಲೆ ಬೆವರು. ರಜೆಯಲ್ಲಿ ಬಂದಿದ್ದ ಸೋದರಳಿಯ, "ಟೋನಿಕ್ಕಿನಲ್ಲಿ ಕ್ವಿನೈನ್ ಉಂಟು ಮಾವ, ಬ್ರಿಟಿಷರು ಇದನ್ನೇ ಕುಡಿದು ಮಲೇರಿಯ ಓಡಿಸಿದ್ದು" ಎಂದು ದಿನಾ ಸಂಜೆ ಜಿನ್ನಿಗೆ ಬೆರೆಸಿ ಕೊಟ್ಟ. ಮಾವನಿಗೂ ಮದ್ದಿನ ಹೆಸರಿನಲ್ಲಿ ಕುಡಿಯಲು ಬೇಸರವಿರಲಿಲ್ಲ. ಐದು ದಿನ ಹೀಗೇ ಕಳೆಯಿತು. ಆರನೆಯ ದಿನ ಅತ್ತೆ ಯಾರ ಮಾತನ್ನೂ ಕೇಳದೆ ರಿಕ್ಷಾ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ರಕ್ತಪರೀಕ್ಷೆಯಲ್ಲಿ ಕಂಡದ್ದು ಮಲೇರಿಯವೇ. ಒಂದು ವಾರ ಅಲ್ಲೇ ಮಲಗಬೇಕಾಯಿತು.

ಅಳಿಯನ ಮಾತು ಪೂರ್ತಿ ಸುಳ್ಳೂ ಅಲ್ಲ. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದ್ದು 1820ರಲ್ಲಿ, ಇಬ್ಬರು ಫ್ರೆಂಚ್ ವಿಜ್ಞಾನಿಗಳು. 1860ರ ಸುಮಾರಿಗೆ ಕ್ಲೆಮೆಂಟ್ಸ್ ಮಾರ್ಕಮ್ ಎಂಬಾತ ಆ ಮರದ ಬೀಜ, ಸಸಿಗಳನ್ನು ನಮ್ಮ ನೀಲಗಿರಿಗೆ ತರಿಸಿದ. ನಡುವಟ್ಟಂನಲ್ಲಿ ತೋಟವೆದ್ದಿತು; ಅಲ್ಲಿ ದುಡಿದವರಲ್ಲಿ ಚೀನೀ ಕೈದಿಗಳೂ ಇದ್ದರು. ಕ್ವಿನೈನ್ ಬೆರೆತ ಟೋನಿಕ್ ನೀರಿಗೆ ಲಂಡನ್ನಿನಲ್ಲಿ 1858ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆದರೆ ಜಿನ್ನು ಟೋನಿಕ್ಕುಗಳ ಜೋಡಿ ಹೆಸರು ಮುದ್ರಣದಲ್ಲಿ ಮೊದಮೊದಲು ಕಾಣುವುದು 1868ರ ಕ್ರೀಡಾಪತ್ರಿಕೆಯೊಂದರಲ್ಲಿ, ಅದೂ ಕುದುರೆ ಪಂದ್ಯದ ವರದಿಯಲ್ಲಿ! ಆಸ್ಪತ್ರೆಯ ವಾಸನೆ ಅದಕ್ಕೆ ಆಗಲೇ ಕಡಿಮೆ.

ಈಗಿನ ಟೋನಿಕ್ಕಿನಲ್ಲಿ ಕ್ವಿನೈನ್ ಇರುವುದು ಕಹಿಗೆ ಮಾತ್ರ. ಅಮೆರಿಕದ ಕಾನೂನಿನಂತೆ ಲೀಟರಿಗೆ 83 ಮಿಲಿಗ್ರಾಂ ಮೀರಬಾರದು. ಕ್ವಿನೈನಿನಿಂದ ಮಲೇರಿಯ ಗುಣಪಡಿಸಲು ದೊಡ್ಡವರಿಗೆ ದಿನಕ್ಕೆ ಸುಮಾರು 1800 ಮಿಲಿಗ್ರಾಂ ಬೇಕು. ಲೆಕ್ಕ ಹಾಕಿದರೆ ದಿನಕ್ಕೆ 20 ಲೀಟರಿಗೂ ಮಿಕ್ಕಿ ಟೋನಿಕ್ ಕುಡಿಯಬೇಕು, ಅದೂ ಒಂದು ವಾರ. ಕೊಡಪಾನ ಇಟ್ಟುಕೊಂಡೇ ಕೂರಬೇಕಾದೀತು.

ತೊಗಟೆಯ ಕಹಿ ನಮಗೆ ಹೊಸದಲ್ಲ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ಕೆತ್ತೆ ತಂದು, ಓಮ, ಬೆಳ್ಳುಳ್ಳಿ, ಮೆಣಸು ಅರೆದು ಬೆರೆಸಿ, ಕಾಯಿಸಿದ ಬೆಣಚುಕಲ್ಲು ಹಾಕಿದ ಕಷಾಯ ಕುಡಿದವರು ನಾವು. ಅಲ್ಲಿಯೂ ಮರದ ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ.

ಇನ್ನು ಬೆರೆಸುವ ಕ್ರಮ. ಎತ್ತರದ ಗ್ಲಾಸಿನ ತುಂಬ ಐಸು ಹಾಕಬೇಕು. ಎರಡೇ ತುಂಡು ಹಾಕಿದರೆ ಬೇಗ ಕರಗಿ ಎಲ್ಲ ನೀರಾಗುತ್ತದೆ. ಜಿನ್ನು 30 ಮಿ.ಲೀ. ಸಾಕು. ಕಣ್ಣಂದಾಜು ಎಂಬುದು ಎರಡನೆಯ ಗ್ಲಾಸಿನಿಂದ ಉದಾರವಾಗುತ್ತ ಹೋಗುವುದರಿಂದ, ಕೆಮ್ಮಿನ ಸಿರಪ್ಪಿನ ಜೊತೆ ಬರುವ ಅಳತೆಯ ಮುಚ್ಚಳ ತೊಳೆದಿಟ್ಟುಕೊಳ್ಳಿ, 10 ಮಿ.ಲೀ. ಗೆರೆಗೆ ಮೂರು ಸಲ. ಮೇಲಿಂದ ತಣ್ಣಗಿನ ಟೋನಿಕ್ 120 ಮಿ.ಲೀ.ಯಷ್ಟನ್ನು ಗ್ಲಾಸಿನ ಅಂಚಿಗೆ ತಾಗಿಸಿ ನಿಧಾನವಾಗಿ ಹೊಯ್ದರೆ ನೊರೆ ಉಳಿಯುತ್ತದೆ. ಲಿಂಬೆಯ ಕಾಲು ಹೋಳು ಹಿಂಡಿ, ಚಮಚದಿಂದ ಒಂದೇ ಸುತ್ತು ತಿರುವಿ. ಬೀಜ ಬಿದ್ದರೆ ತೆಗೆಯಿರಿ, ಇನ್ನಷ್ಟು ಕಹಿ ಬೇಡ. ಟೋನಿಕ್ಕಿಗೆ ಬದಲು ಸೋಡ ಆಗುವುದಿಲ್ಲವೇ ಎಂದರೆ ಆಗುತ್ತದೆ, ಆದರೆ ಅದು ಬೇರೆಯೇ ಪಾನೀಯ. ಟೋನಿಕ್ಕಿನಲ್ಲಿ ಸಕ್ಕರೆ 100 ಮಿ.ಲೀ.ಗೆ ಎಂಟೊಂಬತ್ತು ಗ್ರಾಂ ಇರುವುದುಂಟು. ಕಹಿಯ ಮರೆಯಲ್ಲಿ ಅದು ನಾಲಗೆಗೆ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರು ಬಾಟ್ಲಿಯ ಚೀಟಿ ಓದಬೇಕು. ಜ್ವರದವರು, ದಿನಾ ಮಾತ್ರೆ ನುಂಗುವವರು, ಬೈಕು ಬಿಡಬೇಕಾದವರು ಮುಟ್ಟಬಾರದು. ಕಾನೂನು ಹೇಳುವ ವಯಸ್ಸು ತುಂಬದವರಿಗೆ ಮದ್ಯ ಕೊಡುವುದಕ್ಕೂ ಇಲ್ಲ.

ಜಿನ್ನಿಲ್ಲದೆಯೂ ಟೋನಿಕ್ಕಿಗೆ ರುಚಿಯುಂಟು. ಎರಡು ಚಮಚ ಪುನರ್ಪುಳಿ ಶರಬತ್ತು, ಐಸು, ಮೇಲೆ ಟೋನಿಕ್ಕು, ಚಿಟಿಕೆ ಉಪ್ಪು. ಹುಳಿ, ಸಿಹಿ, ಕಹಿ ಮೂರೂ ಸೇರಿ ಬಣ್ಣವೂ ಸೊಗಸಾಗಿರುತ್ತದೆ. ಮೇಲೆ ಹೇಳಿದ ಅತ್ತೆ ಈಗ ನೆಂಟರಿಗೆ ಕೊಡುವುದು ಇದನ್ನೇ. ಮಾವನವರಿಗೂ ಇದೇ, ಜಿನ್ನಿನ ಬಾಟ್ಲಿಯ ಕಪಾಟಿನ ಬೀಗದ ಕೈ ಅತ್ತೆಯ ಸೊಂಟದಲ್ಲಿದೆ.