ಹಾಡುವವಳಿಗೆ ಶಾಸ್ತ್ರವೇಕೆ?

ಪರಿಚಿತರ ಮನೆಯೊಂದರಲ್ಲಿ ಈಚೆಗೆ ಒಂದು ಪ್ರಶ್ನೆ ಎದುರಾಯಿತು. ಸಂಗೀತದಲ್ಲಿ ಪದವಿ ಪಡೆದ ಮಗಳು ವಿಶ್ವವಿದ್ಯಾಲಯದಲ್ಲಿ ಸಂಗೀತಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ಬಯಸಿದ್ದಳು. “ಹಾಡಲು ಬರುತ್ತದೆಯಲ್ಲ ಶಾಸ್ತ್ರಿಗಳೇ, ಇನ್ನು ಪುಸ್ತಕ ಓದಿ ಆಗಬೇಕಾದುದೇನು?” ಎಂದು ತಂದೆಯವರು ಕೇಳಿದರು. ಮಗಳು ತಲೆತಗ್ಗಿಸಿ ಕುಳಿತಿದ್ದಳು. ಈ ಪ್ರಶ್ನೆ ಅವರೊಬ್ಬರದಲ್ಲ, ಅನೇಕ ತಂದೆತಾಯಿಗಳದು. ಆದುದರಿಂದ ಉತ್ತರವನ್ನು ಇಲ್ಲಿ ನಿವೇದಿಸುವೆನು.

ಹಾಡುವ ಸಂಗೀತವನ್ನು ಹಿರಿಯರು ಲಕ್ಷ್ಯವೆಂದರು. ಅದನ್ನು ವಿವರಿಸುವ ಶಾಸ್ತ್ರವನ್ನು ಲಕ್ಷಣವೆಂದರು. ಲಕ್ಷ್ಯ ಬದಲಾದಂತೆ ಲಕ್ಷಣವೂ ಹೊಸದಾಗಬೇಕು. 13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ರಚಿಸಿದನು. 1550ರಲ್ಲಿ ವಿಜಯನಗರದ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯನ್ನು ಬರೆಯುವ ವೇಳೆಗೆ ಹಾಡುಗಾರಿಕೆ ಬಹಳ ಮುಂದೆ ಸಾಗಿತ್ತು. ಆತನು ಲಕ್ಷ್ಯಕ್ಕೇ ಮೊದಲ ಮನ್ನಣೆಯಿತ್ತನು.

ಶಾಸ್ತ್ರವು ಹಾಡುಗಾರಿಕೆಗೆ ದಾರಿ ತೋರಿದುದೂ ಉಂಟು. 17ನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಒಂದು ಸರಳವಾದ ಲೆಕ್ಕವನ್ನು ಹೂಡಿದನು. ಷಡ್ಜ, ಪಂಚಮಗಳು ಅಚಲ. ರಿಷಭ–ಗಾಂಧಾರಗಳು ಆರು ಬಗೆಯಲ್ಲಿ ಜೊತೆಗೂಡುತ್ತವೆ, ಧೈವತ–ನಿಷಾದಗಳೂ ಹಾಗೆಯೇ. ಆರಾರಲಿ 36. ಮಧ್ಯಮಗಳು ಎರಡಾದುದರಿಂದ ಒಟ್ಟು ಮೇಳಗಳು 72. ಅವುಗಳಲ್ಲಿ ಆತನು ವಿವರಿಸಿದುದು 19 ಮಾತ್ರ. ಉಳಿದವು ಅಂದಿಗೆ ಬರಿಯ ಸಾಧ್ಯತೆಗಳು. ಅವುಗಳಿಗೆ ಜೀವ ತುಂಬಿದವರು ಮುಂದಿನ ವಾಗ್ಗೇಯಕಾರರು.

1904ರಲ್ಲಿ ದಕ್ಷಿಣಕ್ಕೆ ಬಂದ ಮುಂಬಯಿಯ ವಕೀಲ ಭಾತಖಂಡೆಯವರು ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರಿಂದ ಈ ಗ್ರಂಥದ ಪ್ರತಿಯನ್ನು ಪಡೆದರು. ಮುಂದೆ ಅವರು ಹಿಂದೂಸ್ತಾನಿ ರಾಗಗಳನ್ನು 10 ಥಾಟುಗಳಲ್ಲಿ ಅಳವಡಿಸಿದರು. ಆದರೆ ಅಹೀರ್ ಭೈರವದ ಸ್ವರಗಳು ಈ ಹತ್ತರಲ್ಲಿ ಯಾವುದಕ್ಕೂ ಪೂರ್ತಿ ಹೊಂದವು; 72ರ ಪೈಕಿ 16ನೆಯದಾದ ಚಕ್ರವಾಕಕ್ಕೆ ಹೊಂದುತ್ತವೆ. ಹೀಗೇಕೆ? ಇಂತಹ ಪ್ರಶ್ನೆಯನ್ನು ಕೇಳಿ, ಗ್ರಂಥಗಳನ್ನು ಹೋಲಿಸಿ, ಹಾಡಿ, ಕೇಳಿ, ಉತ್ತರ ಹುಡುಕುವುದೇ ಉನ್ನತ ವ್ಯಾಸಂಗ. ಪರೀಕ್ಷೆಗೆಂದು ರಾಗಲಕ್ಷಣಗಳನ್ನು ಬಾಯಿಪಾಠ ಮಾಡುವುದು ವ್ಯಾಸಂಗವಲ್ಲ.

ಇದು ನಮಗೆ ಹೊರಗಿನ ವಿದ್ಯೆಯೂ ಅಲ್ಲ. ನಿಜಗುಣ ಶಿವಯೋಗಿಗಳು ತಮ್ಮ ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತ ವಿಷಯವನ್ನೂ ಕನ್ನಡ ಗದ್ಯದಲ್ಲಿ ನಿರೂಪಿಸಿದ್ದಾರೆ. ಸಂಸ್ಕೃತ ಬಲ್ಲವರ ಸೊತ್ತಾಗಿದ್ದುದನ್ನು ಕನ್ನಡಿಗರ ಕೈಗಿತ್ತ ಆ ಕಾರ್ಯವನ್ನು ಮುಂದುವರಿಸುವವರು ಬೇಕು. ಇಂದು ಈ ವಿದ್ಯೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ.

ಈ ಹಾದಿ ಹಿಡಿಯುವ ಮಕ್ಕಳಿಗೆ ನನ್ನ ಹಿತವಚನ ಎರಡು. ಮೂಲಗ್ರಂಥವನ್ನು ತಾವೇ ಓದುವಷ್ಟು ಸಂಸ್ಕೃತವನ್ನು ಕಲಿಯಲಿ. ಎಷ್ಟೇ ಓದಿದರೂ ಬೆಳಗಿನ ತಂಬೂರಿಯನ್ನು ಬಿಡದಿರಲಿ. ಕಿವಿ ಒಪ್ಪದ ಶಾಸ್ತ್ರ ಒಣಗುತ್ತದೆ; ಅರಿವಿಲ್ಲದ ಹಾಡು ಗುರುವಿನ ಅನುಕರಣೆಯಲ್ಲಿಯೇ ನಿಲ್ಲುತ್ತದೆ.

ತಂದೆಯವರಲ್ಲಿ ನನ್ನ ಬಿನ್ನಹ ಇಷ್ಟೆ: ಮಗಳು ತಾನು ಹಾಡುವುದೇನೆಂದು ತಿಳಿಯಬಯಸಿದ್ದಾಳೆ. ಅಡ್ಡಿ ಮಾಡದಿರಿ, ಆಶೀರ್ವದಿಸಿ ಕಳುಹಿಸಿರಿ.